ಕೇಳುವ ಕಿವಿಯೂ ಔಷಧಿಯೇ: ವೈದ್ಯರು ಮನಸ್ಸಿಗೆ ಮದ್ದು ಕೊಡಲು ಕಲಿತ ಚರಿತ್ರೆ

ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯ ಸೂರಃ ಅಲ್ ಮುಜಾದಲಃ ಒಬ್ಬ ಮಹಿಳೆಯ ಅಳಲಿನಿಂದ ಆರಂಭವಾಗುತ್ತದೆ. ಆಕೆ ಹ. ಖೌಲಾ ಬಿಂತ್ ಸಅಲಬಃ(ರ). ಗಂಡ ಸಿಟ್ಟಿನ ಭರದಲ್ಲಿ ಆಡಿದ ಒಂದು ಮಾತಿನಿಂದ ಅವರ ಸಂಸಾರ ಒಡೆಯುವ ಸ್ಥಿತಿಗೆ ಬಂದಿತ್ತು. ಅವರು ಪ್ರವಾದಿವರ್ಯರ(ಸ) ಬಳಿಗೆ ಬಂದು ಮತ್ತೆ ಮತ್ತೆ ತಮ್ಮ ನೋವನ್ನು ಹೇಳಿಕೊಂಡರು. ಅದೇ ಮನೆಯಲ್ಲಿದ್ದ ಹ. ಆಯಿಶಾ(ರ) ಅವರಿಗೆ ಆಕೆಯ ಕೆಲವು ಮಾತುಗಳು ಕೇಳಿಸಿರಲಿಲ್ಲ. ಆದರೆ ಅಲ್ಲಾಹನು ಕೇಳಿದನು, ಆಕೆಯ ವಿಷಯದಲ್ಲೇ ವಚನಗಳು ಅವತೀರ್ಣವಾದವು. ವರ್ಷಗಳ ನಂತರ ಖಲೀಫರಾಗಿದ್ದ ಹ. ಉಮರ್(ರ) ದಾರಿಯಲ್ಲಿ ಹೋಗುತ್ತಿದ್ದಾಗ ವೃದ್ಧೆಯಾಗಿದ್ದ ಅದೇ ಖೌಲಾ(ರ) ಅವರನ್ನು ತಡೆದು ನಿಲ್ಲಿಸಿದರು. ಉಮರ್(ರ) ತಲೆತಗ್ಗಿಸಿ ಬಹಳ ಹೊತ್ತು ಕೇಳುತ್ತಾ ನಿಂತರು. ಜೊತೆಗಿದ್ದವರು ಆಕ್ಷೇಪಿಸಿದಾಗ, ಏಳು ಆಕಾಶಗಳ ಮೇಲಿನಿಂದ ಅಲ್ಲಾಹನು ಯಾರ ಮಾತನ್ನು ಕೇಳಿದನೋ ಆಕೆಯ ಮಾತನ್ನು ಉಮರ್ ಕೇಳದಿರುವುದು ಹೇಗೆ ಎಂಬ ಅರ್ಥದಲ್ಲಿ ಉತ್ತರಿಸಿದರು.

ನೊಂದವರ ಮಾತನ್ನು ಕೇಳುವುದು ನಮ್ಮ ದೀನಿನಲ್ಲಿ ಎಂತಹ ಸ್ಥಾನದ ಕೆಲಸ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಆದರೆ ಕೇಳುವುದು ಒಂದು ವಿದ್ಯೆಯೂ ಹೌದು, ಅದನ್ನು ಕಲಿಯಬೇಕು, ಕಲಿಸಬೇಕು. ಈ ಮಾತು ನಮಗೆ ತಡವಾಗಿ ಅರ್ಥವಾಯಿತು.

ಕೆಲವು ವರ್ಷಗಳ ಹಿಂದೆ ಹೆರಿಗೆಯಾಗಿ ಎರಡು ತಿಂಗಳಾಗಿದ್ದ ಹೆಣ್ಣುಮಗಳೊಬ್ಬಳನ್ನು ಮನೆಯವರು ಮಗ್ರಿಬ್ ನಮಾಝಿನ ನಂತರ ನಮ್ಮ ಬಳಿಗೆ ಕರೆತಂದರು. ನಿದ್ದೆ ಮಾಡುವುದಿಲ್ಲ, ಮಗುವನ್ನು ಎತ್ತಿಕೊಳ್ಳುವುದಿಲ್ಲ, ಗೋಡೆ ನೋಡುತ್ತಾ ಕೂರುತ್ತಾಳೆ ಎಂದರು. ಯಾರದೋ ದೃಷ್ಟಿ ತಾಗಿರಬೇಕು ಎಂಬುದು ಹಿರಿಯರ ಅಭಿಪ್ರಾಯ. ನಾವು ಸೂರಃಗಳನ್ನು ಓದಿ, ನೀರಿಗೆ ಊದಿ ಕೊಟ್ಟೆವು. ತಾಳ್ಮೆಯಿಂದಿರಿ, ಝಿಕ್ರ್ ಹೆಚ್ಚಿಸಿ ಎಂದೆವು. ಆ ಮಗಳನ್ನು ಒಂದೇ ಒಂದು ಮಾತೂ ಕೇಳಲಿಲ್ಲ. ಮೂರು ವಾರಗಳ ನಂತರ ಮಗುವಿಗೆ ಚುಚ್ಚುಮದ್ದು ಹಾಕಿಸಲು ಸರಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯೆ ಮಗುವನ್ನು ನೋಡಿದ ಮೇಲೆ ತಾಯಿಯನ್ನೂ ಕೂರಿಸಿಕೊಂಡರಂತೆ. ನೀನು ಹೇಗಿದ್ದೀಯಮ್ಮಾ ಎಂದು ಕೇಳಿ ಸುಮ್ಮನೆ ಕಾದರಂತೆ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಆಕೆ ಅತ್ತಳು. ಬದುಕಿ ಏನು ಮಾಡಲಿ ಎಂಬ ಯೋಚನೆ ಬರುತ್ತಿದೆ ಎಂದೂ ಹೇಳಿದಳು. ಅದು ಹೆರಿಗೆಯ ನಂತರ ಬರುವ ಖಿನ್ನತೆ ಎಂಬ ಕಾಯಿಲೆ. ಮಾತ್ರೆ ಮತ್ತು ಮಾತು ಎರಡರಿಂದಲೂ ಚಿಕಿತ್ಸೆಯಾಯಿತು. ಅಲ್‌ಹಮ್ದುಲಿಲ್ಲಾಹ್, ಇಂದು ಆಕೆ ಚೆನ್ನಾಗಿದ್ದಾಳೆ.

ಇದನ್ನು ಆಕೆಯ ತಂದೆ ಬಂದು ನಮಗೆ ತಿಳಿಸಿದಾಗ ನಾವು ನಾಚಿದೆವು. ಕುರ್‌ಆನ್ ಓದಿದ್ದು ತಪ್ಪಾಗಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿ, ಕೇಳದೆ ಕಳುಹಿಸಿದ್ದು ತಪ್ಪು. ಆ ವೈದ್ಯೆ ಮನೋರೋಗ ತಜ್ಞೆಯಲ್ಲ, ಜ್ವರ ಕೆಮ್ಮು ನೋಡುವ ಸಾಮಾನ್ಯ ವೈದ್ಯೆ. ಹಾಗಾದರೆ ಆ ಒಂದು ಪ್ರಶ್ನೆಯನ್ನು ಅವರಿಗೆ ಕಲಿಸಿದವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಬಲ್ಖಿಯವರ ಆಕ್ಷೇಪ

ಹಿಜರಿ 319, ಅಂದರೆ ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ತೀರಿಕೊಂಡ ಸುದ್ದಿ ಖಲೀಫ ಅಲ್ ಮುಕ್ತದಿರ್‌ಗೆ ತಲುಪಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ವೈದ್ಯಕೀಯ ಮಾಡಬಾರದೆಂದು ಅವರು ಆಜ್ಞೆ ಹೊರಡಿಸಿದರು. ಪರೀಕ್ಷೆಯ ಹೊಣೆಯನ್ನು ಸಿನಾನ್ ಬಿನ್ ಸಾಬಿತ್ ಎಂಬ ಹಿರಿಯ ವೈದ್ಯರಿಗೆ ವಹಿಸಿದರು. ಆ ಒಂದು ನಗರದಲ್ಲೇ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಒಳಗಾದರೆಂದು ಚರಿತ್ರೆಕಾರರು ಬರೆದಿದ್ದಾರೆ. ವೈದ್ಯನಾಗಲು ತರಬೇತಿ ಬೇಕು, ಅದನ್ನು ಯಾರಾದರೂ ಪರಿಶೀಲಿಸಬೇಕು ಎಂಬುದು ಆ ಕಾಲದ ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತಿತ್ತು.

ಅದೇ ಕಾಲದಲ್ಲಿ, ಬಗ್ದಾದಿನಿಂದ ಬಹುದೂರದಲ್ಲಿ, ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರಾಂತ್ಯದಲ್ಲಿ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ಬದುಕಿದ್ದರು. ಅವರ ತಂದೆ ಹಳ್ಳಿಯ ಶಾಲಾ ಶಿಕ್ಷಕ. ಯುವಕ ಅಬೂ ಝೈದ್ ಹಜ್ಜ್ ಯಾತ್ರಿಕರ ಜೊತೆ ಕಾಲ್ನಡಿಗೆಯಲ್ಲಿ ಇರಾಕಿಗೆ ಹೋಗಿ, ವರ್ಷಗಳ ಕಾಲ ಅಲ್ಲಿದ್ದು ತತ್ವಜ್ಞಾನಿ ಅಲ್ ಕಿಂದಿಯವರ ಬಳಿ ಕಲಿತು ಊರಿಗೆ ಮರಳಿದರು. ಭೂಗೋಳ ಶಾಸ್ತ್ರದಲ್ಲಿ ಅವರದ್ದೇ ಒಂದು ಪರಂಪರೆ ಬೆಳೆಯಿತು. ಅವರು ನಿಧನರಾದದ್ದು 934ರಲ್ಲಿ.

ಅವರ ‘ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್’ ಎಂಬ ಗ್ರಂಥದ ಹೆಸರಿನಲ್ಲೇ ಶರೀರ ಮತ್ತು ಮನಸ್ಸು ಎರಡೂ ಜೊತೆಗಿವೆ. ಮೊದಲ ಭಾಗ ಶರೀರದ ಆರೋಗ್ಯಕ್ಕೆ, ಎರಡನೆಯ ಭಾಗ ಮನಸ್ಸಿನ ಆರೋಗ್ಯಕ್ಕೆ ಮೀಸಲು. ವೈದ್ಯರು ತಮ್ಮ ಗ್ರಂಥಗಳಲ್ಲಿ ಶರೀರದ ರೋಗಗಳನ್ನು ಮಾತ್ರ ಬರೆಯುತ್ತಾರೆ, ಮನಸ್ಸಿನ ರೋಗಗಳನ್ನು ಬಿಟ್ಟುಬಿಡುತ್ತಾರೆ ಎಂಬುದು ಅವರ ದೊಡ್ಡ ಆಕ್ಷೇಪ. ಶರೀರದ ರೋಗವಿಲ್ಲದೆ ವರ್ಷಗಟ್ಟಲೆ ಬದುಕುವವರು ಸಿಗಬಹುದು. ಆದರೆ ಸಿಟ್ಟು, ಭಯ, ದುಃಖಗಳ ಕಾಟವಿಲ್ಲದ ಮನುಷ್ಯನಿಲ್ಲ. ಶರೀರ ಕೆಟ್ಟರೆ ಮನಸ್ಸು ಮಂಕಾಗುತ್ತದೆ, ಮನಸ್ಸು ಕೆಟ್ಟರೆ ಶರೀರಕ್ಕೆ ಯಾವ ಸುಖವೂ ರುಚಿಸುವುದಿಲ್ಲ. ಹೀಗಿರುವಾಗ ಒಂದನ್ನೇ ನೋಡುವ ವೈದ್ಯ ಅರ್ಧ ವೈದ್ಯನೇ ಸರಿ.

ದುಃಖದ ಬಗ್ಗೆ ಅವರು ಮಾಡಿದ ವಿಭಾಗವನ್ನು ಇಂದಿನ ಮನೋವೈದ್ಯರೂ ಆಸಕ್ತಿಯಿಂದ ಓದುತ್ತಾರೆ. ಕಾರಣ ಗೊತ್ತಿರುವ ದುಃಖ ಒಂದು ಬಗೆ: ಪ್ರೀತಿಪಾತ್ರರ ಮರಣ, ಆಸ್ತಿಯ ನಷ್ಟದಂತಹವು. ಕಾರಣವೇ ತಿಳಿಯದೆ ಆವರಿಸುವ ದುಃಖ ಇನ್ನೊಂದು ಬಗೆ. ಮೊದಲನೆಯದಕ್ಕೆ ಸಾಂತ್ವನದ ಮಾತು ಮತ್ತು ತನ್ನ ಯೋಚನೆಗಳನ್ನು ತಾನೇ ತಿದ್ದಿಕೊಳ್ಳುವ ಅಭ್ಯಾಸ ಬೇಕು. ಎರಡನೆಯದರ ಮೂಲ ಶರೀರದಲ್ಲಿದೆ, ಆದ್ದರಿಂದ ಅದಕ್ಕೆ ವೈದ್ಯನ ಮದ್ದೂ ಬೇಕು. ವಸ್ವಾಸ್, ಅಂದರೆ ಬಿಡದೆ ಕಾಡುವ ಕೆಟ್ಟ ಯೋಚನೆಗಳಿಗೂ ಅವರು ಒಂದು ಅಧ್ಯಾಯ ಮೀಸಲಿಟ್ಟರು. ಅಂತಹವರು ಒಂಟಿಯಾಗಿರಬಾರದು ಎಂದರು. ಮನೆಯಲ್ಲಿ ಮದ್ದುಗಳನ್ನು ಮೊದಲೇ ತಂದಿಡುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ. ಆ ಗ್ರಂಥದ ಹಸ್ತಪ್ರತಿ ಇಸ್ತಾಂಬುಲ್‌ನ ಅಯಾ ಸೋಫಿಯಾ ಸಂಗ್ರಹದಲ್ಲಿ ಉಳಿದು, 1984ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಯಥಾಪ್ರತಿಯಾಗಿ ಮುದ್ರಣಗೊಂಡಿತು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿಯವರು ಅದರ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದರು.

ರಾಝಿಯವರ ಹಲ್ಖಾ

ಬಲ್ಖಿಯವರ ಸಮಕಾಲೀನರಾದ ಅಬೂ ಬಕರ್ ಅರ್‌ರಾಝಿ ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯ ವೈದ್ಯರಾಗಿದ್ದವರು. ರಯ್‌ನ ಆಡಳಿತಗಾರ ಮನ್ಸೂರ್‌ಗಾಗಿ ಶರೀರದ ವೈದ್ಯಕೀಯದ ಬಗ್ಗೆ ಒಂದು ಗ್ರಂಥ ಬರೆದ ಅವರು, ಅದಕ್ಕೆ ಜೊತೆಯಾಗಿ ‘ಅತ್ತಿಬ್ಬುರ್ರೂಹಾನಿ’ ಎಂಬ 20 ಅಧ್ಯಾಯಗಳ ಇನ್ನೊಂದನ್ನೂ ಬರೆದರು. ಅಸೂಯೆ, ಸಿಟ್ಟು, ಜಿಪುಣತನ, ದುಃಖ, ಮರಣಭಯ ಇವೆಲ್ಲ ಅದರ ವಿಷಯಗಳು. ಮನುಷ್ಯನಿಗೆ ತನ್ನ ದೋಷ ತನಗೆ ಕಾಣುವುದಿಲ್ಲ, ಆದ್ದರಿಂದ ಬುದ್ಧಿವಂತನೂ ಪ್ರಾಮಾಣಿಕನೂ ಆದ ಒಬ್ಬನ ಮುಂದೆ ಮನಸ್ಸು ಬಿಚ್ಚಿಟ್ಟು ಅವನ ಮಾತು ಕೇಳಬೇಕು ಎಂದು ಅವರು ಬರೆದರು.

ಅವರು ಪಾಠ ಹೇಳುತ್ತಿದ್ದ ರೀತಿಯನ್ನು ಇಬ್ನು ನದೀಮ್ ದಾಖಲಿಸಿದ್ದಾರೆ. ಶೈಖ್ ನಡುವೆ ಕೂರುತ್ತಿದ್ದರು. ಅವರ ಸುತ್ತ ಶಿಷ್ಯರು, ಆ ಶಿಷ್ಯರ ಸುತ್ತ ಅವರ ಶಿಷ್ಯರು, ಅದರಾಚೆ ಇನ್ನೂ ಕಿರಿಯರು. ರೋಗಿ ಬಂದರೆ ಹೊರಗಿನ ಸಾಲಿನವರಿಗೆ ಮೊದಲು ತನ್ನ ಕಷ್ಟ ಹೇಳಬೇಕು. ಅವರಿಗೆ ತಿಳಿದಿದ್ದರೆ ಸರಿ, ಇಲ್ಲವಾದರೆ ಒಳಗಿನ ಸಾಲಿಗೆ ಕಳುಹಿಸುವರು. ಯಾರಿಗೂ ತಿಳಿಯದಿದ್ದರೆ ಕೊನೆಗೆ ರಾಝಿಯವರು ಮಾತಾಡುವರು. ಮದ್ರಸಗಳಲ್ಲಿ ಹಲ್ಖಾದಲ್ಲಿ ಕೂತು ಕಲಿತ ನಮಗೆ ಈ ಚಿತ್ರ ಅಪರಿಚಿತವಲ್ಲ. ಅಲ್ಲಿ ಅತ್ಯಂತ ಕಿರಿಯ ವಿದ್ಯಾರ್ಥಿಯ ಮೊದಲ ಪಾಠ ಮದ್ದು ಅರೆಯುವುದಲ್ಲ, ರೋಗಿ ಹೇಳುವುದನ್ನು ಕೇಳುವುದು.

ಮುಸ್ಲಿಮ್ ಆಡಳಿತಗಾರರು ಕಟ್ಟಿಸಿದ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಜಾಗವಿತ್ತು. 872ರ ಸುಮಾರಿಗೆ ಈಜಿಪ್ಟಿನಲ್ಲಿ ಅಹ್ಮದ್ ಬಿನ್ ತುಲೂನ್ ಕಟ್ಟಿಸಿದ ಆಸ್ಪತ್ರೆಯಲ್ಲೂ, 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ವಕ್ಫ್ ಆಸ್ಪತ್ರೆಯಲ್ಲೂ ಅವರಿಗೆ ಪ್ರತ್ಯೇಕ ವಿಭಾಗ ಇತ್ತು. ಇಬ್ನು ತುಲೂನ್ ಪ್ರತಿ ಶುಕ್ರವಾರ ತಾನೇ ಹೋಗಿ ರೋಗಿಗಳನ್ನು ವಿಚಾರಿಸುತ್ತಿದ್ದರಂತೆ. ಒಮ್ಮೆ ಮನೋರೋಗಿಯೊಬ್ಬ ದಾಳಿಂಬೆ ಹಣ್ಣು ಕೇಳಿದ. ಅಮೀರರು ತರಿಸಿಕೊಟ್ಟರು. ಆತ ಅದನ್ನು ಅವರ ಎದೆಗೇ ಎಸೆದ. ಅಂದಿನಿಂದ ಅಮೀರರು ಅತ್ತ ಸುಳಿಯಲಿಲ್ಲ ಎಂದು ಚರಿತ್ರೆ ಹೇಳುತ್ತದೆ. ಒಳ್ಳೆಯ ಮನಸ್ಸು ಇದ್ದ ಮಾತ್ರಕ್ಕೆ ಈ ಕೆಲಸ ಆಗುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಎಸೆದ ದಾಳಿಂಬೆಯನ್ನು ತಡೆದುಕೊಂಡು ಮರುವಾರ ಮತ್ತೆ ಹೋಗಲು ತರಬೇತಿ ಬೇಕು. ಆ ಆಸ್ಪತ್ರೆಗಳಲ್ಲಿ ಸರಪಳಿಗಳೂ ಇದ್ದವು ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಪೂರ್ವಿಕರನ್ನು ಹೊಗಳುವಾಗಲೂ ಸತ್ಯವನ್ನೇ ಹೇಳಬೇಕು.

ಬಲ್ಖಿಯವರ ಗ್ರಂಥ ಗ್ರಂಥಾಲಯದಲ್ಲಿ ಉಳಿಯಿತು, ಪಾಠಶಾಲೆಗೆ ಬರಲಿಲ್ಲ. ನಮ್ಮ ನಷ್ಟ ಅಲ್ಲಿಂದ ಆರಂಭವಾಯಿತು.

ಲಂಡನ್ನಿನ ಇನ್ನೊಂದು ಹಲ್ಖಾ

ಸಾವಿರ ವರ್ಷಗಳ ನಂತರ ಅದೇ ಆಕ್ಷೇಪ ಯುರೋಪಿನಲ್ಲಿ ಎದ್ದಿತು. ಮೈಕೆಲ್ ಬ್ಯಾಲಿಂಟ್ 1896ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ವೈದ್ಯ, ಅವರ ತಂದೆಯೂ ಬಡಾವಣೆಯ ಸಾಮಾನ್ಯ ವೈದ್ಯ. ಯಹೂದಿ ಕುಟುಂಬದ ಬ್ಯಾಲಿಂಟ್ 1939ರಲ್ಲಿ ಇಂಗ್ಲೆಂಡಿಗೆ ವಲಸೆ ಬಂದರು. 1948ರಲ್ಲಿ ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಆರಂಭವಾದಾಗ ಸಾಮಾನ್ಯ ವೈದ್ಯರ ಬಾಗಿಲಲ್ಲಿ ಜನ ತುಂಬಿದರು. ತಲೆನೋವು, ಎದೆಬಡಿತ, ಹೊಟ್ಟೆ ಉರಿ ಎಂದು ಮತ್ತೆ ಮತ್ತೆ ಬರುವ ಎಷ್ಟೋ ಜನರ ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಅವರ ನೋವು ಬೇರೆಲ್ಲೋ ಇತ್ತು. ಅದನ್ನು ವಿಚಾರಿಸುವ ವಿದ್ಯೆ ವೈದ್ಯರಿಗೆ ಯಾರೂ ಕಲಿಸಿರಲಿಲ್ಲ.

1950ರ ದಶಕದ ಆರಂಭದಲ್ಲಿ ಬ್ಯಾಲಿಂಟ್ ಮತ್ತು ಅವರ ಪತ್ನಿ ಈನಿಡ್ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಸಾಮಾನ್ಯ ವೈದ್ಯರ ಚಿಕ್ಕ ಗುಂಪುಗಳನ್ನು ಕಟ್ಟಿದರು. ವಾರಕ್ಕೊಮ್ಮೆ ಸುತ್ತ ಕೂರುವುದು. ಒಬ್ಬ ವೈದ್ಯ ತನ್ನ ಒಬ್ಬ ರೋಗಿಯ ಬಗ್ಗೆ ಕಾಗದ ನೋಡದೆ ಹೇಳುವುದು. ಆ ರೋಗಿ ಏನು ಹೇಳಿದ, ಆಗ ನಿನಗೆ ಏನನಿಸಿತು, ನೀನು ಯಾಕೆ ಮಾತು ತಪ್ಪಿಸಿದೆ ಎಂದು ಉಳಿದವರು ವಿಚಾರಿಸುವುದು. ಇದು ವರ್ಷಗಟ್ಟಲೆ ನಡೆಯುತ್ತಿತ್ತು. 1957ರಲ್ಲಿ ಬ್ಯಾಲಿಂಟ್ ಈ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿದರು. ಅವರ ವಾದದ ಸಾರ ಇಷ್ಟು: ವೈದ್ಯನ ಬಳಿ ಅತಿ ಹೆಚ್ಚು ಬಳಕೆಯಾಗುವ ಔಷಧಿ ಸ್ವತಃ ವೈದ್ಯನೇ. ಆದರೆ ಆ ಔಷಧಿಯ ಪ್ರಮಾಣವೆಷ್ಟು, ಅದರ ಅಡ್ಡ ಪರಿಣಾಮವೇನು ಎಂದು ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ. ಸಾಲು ಸಾಲಾಗಿ ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ, ಮನಸ್ಸು ಸಿಗುವುದಿಲ್ಲ. ಕೇಳುವುದನ್ನು ಕಲಿಯಬೇಕಾದರೆ ವೈದ್ಯ ತಾನೇ ಸ್ವಲ್ಪ ಬದಲಾಗಬೇಕು.

ಇಂದು ಬ್ರಿಟನ್ನಿನಲ್ಲಿ ಮನೋವೈದ್ಯರಾಗಲು ಹೊರಟ ಕಿರಿಯ ವೈದ್ಯರು ಇಂತಹ ಗುಂಪಿನಲ್ಲಿ ಕೂತು ಕಲಿಯಬೇಕೆಂಬ ನಿಯಮವಿದೆ. ಜರ್ಮನಿಯಲ್ಲಂತೂ ಆ ತಜ್ಞರ ಪದವಿಯ ಹೆಸರಿನಲ್ಲೇ ಮನೋವೈದ್ಯಕೀಯ ಮತ್ತು ಮನೋಚಿಕಿತ್ಸೆ ಎರಡನ್ನೂ ಸೇರಿಸಿದ್ದಾರೆ. ಮನೋಚಿಕಿತ್ಸೆ ಅಂದರೆ ಬರಿಯ ಸಮಾಧಾನದ ಮಾತಲ್ಲ. ಕ್ರಮಬದ್ಧವಾಗಿ, ಗುರಿಯಿಟ್ಟು, ಗುಟ್ಟು ಕಾಪಾಡಿಕೊಂಡು, ಮಾತುಕತೆಯ ಮೂಲಕ ಕೊಡುವ ಚಿಕಿತ್ಸೆ.

ಬೆಂಗಳೂರಿನಿಂದ ಬಳ್ಳಾರಿಗೆ

ನಮ್ಮ ನಾಡಿನ ಕಥೆಯೂ ಚಿಕ್ಕದಲ್ಲ. ಮನೋವೈದ್ಯರನ್ನು ತಯಾರು ಮಾಡಲೆಂದೇ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರ ಡಿಪ್ಲೊಮಾ ಜೊತೆಗೆ ಮನಶ್ಶಾಸ್ತ್ರಜ್ಞರ ಡಿಪ್ಲೊಮಾ ಕೂಡ ಅಲ್ಲಿ ಶುರುವಾಯಿತು. ಮಾತ್ರೆ ಬರೆಯುವವರೂ ಮಾತಿನಿಂದ ಚಿಕಿತ್ಸೆ ನೀಡುವವರೂ ಒಂದೇ ಆವರಣದಲ್ಲಿ ಕಲಿತರು. 1974ರಲ್ಲಿ ಆ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಬಡವ ಬಲ್ಲಿದ ಭೇದವಿಲ್ಲದೆ ನಮ್ಮ ಜಮಾಅತ್‌ಗಳ ಎಷ್ಟೋ ಕುಟುಂಬಗಳು ಅದರ ಬಾಗಿಲು ತಟ್ಟಿವೆ.

ಅದೇ 1950ರ ದಶಕದಲ್ಲಿ ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಗುಡಾರಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಅವರೊಂದಿಗೆ ಕೂತು, ಕಾಯಿಲೆ ಎಂದರೇನು, ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂದು ವಿವರಿಸುತ್ತಿದ್ದರು. ರೋಗಿಯನ್ನು ಬಿಟ್ಟು ಓಡುವ ಕುಟುಂಬ ರೋಗಿಯ ಜೊತೆ ಮನೆಗೆ ಮರಳುವಂತಾಯಿತು.

ಆದರೆ ಒಂದು ಬೆಂಗಳೂರು, ಒಂದು ಅಮೃತಸರ ಎಷ್ಟು ಜನರಿಗೆ ತಲುಪೀತು? ತಜ್ಞರಿಲ್ಲದ ಊರಿನಲ್ಲಿ ಇರುವ ವೈದ್ಯರಿಗೇ ಈ ವಿದ್ಯೆಯನ್ನು ಏಕೆ ಕಲಿಸಬಾರದು ಎಂಬ ಯೋಚನೆಯಿಂದ ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ನಡೆಸಿತು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನು ಕರೆಸಿ ತರಬೇತಿ ಕೊಡಲಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾಯಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪ್ರಯೋಗ ನಡೆಯಿತು. ಜ್ವರ, ಭೇದಿ ನೋಡುತ್ತಿದ್ದ ಹಳ್ಳಿಯ ವೈದ್ಯರು ಮನೋರೋಗದ ಲಕ್ಷಣ ಗುರುತಿಸಲು, ಬೇಕಾದ ಕೆಲವೇ ಔಷಧಿಗಳನ್ನು ಕೊಡಲು, ರೋಗಿಯೊಂದಿಗೂ ಮನೆಯವರೊಂದಿಗೂ ಮಾತಾಡಲು ಕಲಿತರು. ಆರೋಗ್ಯ ಕಾರ್ಯಕರ್ತರೂ ಕಲಿತರು. ಆ ಬಳ್ಳಾರಿ ಮಾದರಿಯೇ 1996ರಿಂದ ದೇಶದ ಇತರ ಜಿಲ್ಲೆಗಳಿಗೆ ಹರಡಿತು.

ನಮ್ಮ ಜಮಾಅತ್‌ನ ಮಗಳನ್ನು ಹೇಗಿದ್ದೀಯಮ್ಮಾ ಎಂದು ಕೇಳಿದ ಆ ವೈದ್ಯೆಯ ಹಿಂದೆ ಇಷ್ಟು ದೊಡ್ಡ ಚರಿತ್ರೆ ಇದೆ. ಬಲ್ಖಿಯವರ ಆಕ್ಷೇಪಕ್ಕೆ ಒಂದು ಸಣ್ಣ ಸರಕಾರಿ ಆಸ್ಪತ್ರೆಯ ಕೋಣೆಯಲ್ಲಿ ಉತ್ತರ ಸಿಕ್ಕಿತ್ತು.

ಏರ್ವಾಡಿಯ ಬೆಂಕಿ

ಇನ್ನೊಂದು ಕಥೆಯನ್ನೂ ಹೇಳಲೇಬೇಕು. 2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪವಿದ್ದ ಖಾಸಗಿ ಮಾನಸಿಕ ಆಶ್ರಯ ಮನೆಯೊಂದಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ರೋಗಿಗಳನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ಓಡಲಾಗಲಿಲ್ಲ. 28 ಜೀವಗಳು ಹೋದವು. ಅವರನ್ನು ಅಲ್ಲಿಗೆ ಕರೆತಂದವರು ಶತ್ರುಗಳಲ್ಲ, ಗುಣವಾಗಲಿ ಎಂದು ಹಾರೈಸಿದ ಮನೆಯವರೇ. ಮೊದಲೇ ಯಾರಾದರೂ ಅವರ ಮಾತನ್ನು ಕೂತು ಕೇಳಿದ್ದರೆ, ಸರಿಯಾದ ವೈದ್ಯರ ದಾರಿ ತೋರಿಸಿದ್ದರೆ ಏನಾಗುತ್ತಿತ್ತೋ. ಇಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದು ಅಪರಾಧ. ಆದರೆ ಕಾಯ್ದೆಗಿಂತ ಮೊದಲೇ ನಮ್ಮ ದೀನ್ ಅದನ್ನು ನಿಷೇಧಿಸಬೇಕಿತ್ತಲ್ಲವೇ? ಆದಮರ ಸಂತತಿಯನ್ನು ಅಲ್ಲಾಹನು ಗೌರವಿಸಿದ್ದಾನೆ ಎಂದು ಓದುವವರು ನಾವು.

ನಾವು ಮಾಡಬೇಕಾದದ್ದು

ಮನಸ್ಸಿನ ಕಾಯಿಲೆ ಈಮಾನಿನ ಕೊರತೆಯಲ್ಲ. ಪುತ್ರಶೋಕದಿಂದ ಪ್ರವಾದಿ ಯಅಕೂಬ್(ಅ) ಅವರ ಕಣ್ಣುಗಳೇ ಬೆಳ್ಳಗಾದವೆಂದು ಕುರ್‌ಆನ್ ತಿಳಿಸುತ್ತದೆ. ಯಾರಾದರೂ ಅವರ ವಿಶ್ವಾಸವನ್ನು ಶಂಕಿಸಿಯಾರೇ? ಪತ್ನಿ ಖದೀಜಾ(ರ) ಮತ್ತು ಚಿಕ್ಕಪ್ಪ ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ಪ್ರವಾದಿವರ್ಯರ(ಸ) ಜೀವನದಲ್ಲಿ ದುಃಖದ ವರ್ಷವೆಂದೇ ಕರೆಯುತ್ತೇವೆ. ಮರಣವಾದ ಮನೆಯವರಿಗೆ ತಲ್ಬೀನಾ ಎಂಬ ಗಂಜಿ ಮಾಡಿಕೊಡುವುದರಿಂದ ಹೃದಯಕ್ಕೆ ನೆಮ್ಮದಿ ಸಿಗುತ್ತದೆಂದು ಅವರು ಕಲಿಸಿಕೊಟ್ಟರು. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂದು ಆದೇಶಿಸಿದರು. ಆ ಆದೇಶದಲ್ಲಿ ಮನಸ್ಸಿನ ರೋಗಕ್ಕೆ ವಿನಾಯಿತಿ ಇಲ್ಲ.

ಆದ್ದರಿಂದ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ದೆಗೆಟ್ಟಿದ್ದರೆ, ಮಾತು ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಅಡಗಿಸಬೇಡಿ. ದುಆ ಮಾಡಿ, ಕುರ್‌ಆನ್ ಓದಿ, ಜೊತೆಗೆ ಹತ್ತಿರದ ವೈದ್ಯರ ಬಳಿಗೂ ಕರೆದೊಯ್ಯಿರಿ. 2022ರಿಂದ ಸರಕಾರ ನಡೆಸುತ್ತಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರಲಿ ರಾತ್ರಿಯಿರಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಮನೆಯ ಸೊಸೆ ತಪಾಸಣೆಗೆ ಹೋದದ್ದನ್ನು ಓಣಿಯ ಸುದ್ದಿ ಮಾಡಬೇಡಿ. ಮುಸ್ಲಿಮ್ ಸಹೋದರನ ಕೊರತೆಯನ್ನು ಮುಚ್ಚುವವನ ಕೊರತೆಯನ್ನು ಅಲ್ಲಾಹನು ಮುಚ್ಚುತ್ತಾನೆಂಬ ಭರವಸೆ ಇಲ್ಲಿಗೂ ಅನ್ವಯಿಸುತ್ತದೆ. ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳು ಹೃದಯ, ಮೂಳೆಗಳ ತಜ್ಞರಾಗುವುದರ ಜೊತೆಗೆ ಕೆಲವರಾದರೂ ಮನಸ್ಸಿನ ತಜ್ಞರಾಗಲಿ. ಅದರಲ್ಲೂ ನಮ್ಮ ಹೆಣ್ಣುಮಕ್ಕಳ ನೋವನ್ನು ಅವರದ್ದೇ ಭಾಷೆಯಲ್ಲಿ ಕೇಳಬಲ್ಲ ವೈದ್ಯೆಯರ ಅಗತ್ಯ ಬಹಳವಿದೆ.

ಕೊನೆಯ ಮಾತು ನಮ್ಮಂತಹ ಇಮಾಮರಿಗೆ. ಜನ ವೈದ್ಯರಿಗಿಂತ ಮೊದಲು ನಮ್ಮ ಬಳಿ ಬರುತ್ತಾರೆ. ರಾಝಿಯವರ ಹಲ್ಖಾದಲ್ಲಿ ಹೊರಗಿನ ಸಾಲಿನ ವಿದ್ಯಾರ್ಥಿಯ ಸ್ಥಾನ ನಮ್ಮದು. ಅವನ ಕೆಲಸ ಎರಡೇ: ಬಂದವರ ಮಾತನ್ನು ಪೂರ್ತಿ ಕೇಳುವುದು, ತನಗೆ ತಿಳಿಯದಾಗ ತಿಳಿದವರ ಬಳಿಗೆ ಕಳುಹಿಸುವುದು. ಆ ಮಗಳ ವಿಷಯದಲ್ಲಿ ನಾವು ಎರಡನ್ನೂ ಮಾಡಲಿಲ್ಲ. ಈಗ ಓದುವ ಮೊದಲು ಕೇಳುತ್ತೇವೆ, ಓದಿದ ಮೇಲೆ ಆಸ್ಪತ್ರೆಯ ದಾರಿ ತೋರಿಸುತ್ತೇವೆ.

ಅಲ್ಲಾಹನು ನಮ್ಮ ಕಿವಿಗಳಿಗೆ ಕೇಳುವ ತಾಳ್ಮೆಯನ್ನೂ, ನಮ್ಮ ರೋಗಿಗಳಿಗೆ ಶಿಫಾವನ್ನೂ, ಅವರ ಸೇವೆ ಮಾಡುವ ವೈದ್ಯರಿಗೆ ಪ್ರತಿಫಲವನ್ನೂ ಕರುಣಿಸಲಿ. ಆಮೀನ್.